ಒಂದು ಐತ್ವದ ಜಗಳ

ಬೀದರಿನ ನಮ್ಮ ಮನೆಗೆ ಪಾರ್ಸೆಲ್ ತರುವವರು ಕೆಳಗಿನಿಂದ ಫೋನ್ ಮಾಡಿ "ಜೇನ್ ಮೇಡಂ ಏನ್ರಿ?" ಎನ್ನುತ್ತಾರೆ. ಬ್ಯಾಂಕಿನವರ ಬಾಯಲ್ಲಿ ಅದು ಜ್ಯಾನ್. ಮೊದಮೊದಲು ತಿದ್ದುತ್ತಿದ್ದೆ; ಈಗ ಸಾಕಾಗಿಹೋಗಿ "ಹೌದ್ರಿ" ಎಂದುಬಿಡುತ್ತೇನೆ. ಆದರೆ ಆ ಶಬ್ದ ಕಿವಿಗೆ ಬಿದ್ದಾಗಲೆಲ್ಲ ಔರಾದಿನ ನಮ್ಮ ಹಳೆಯ ಪಡಸಾಲೆಯಲ್ಲಿ ಯಾರೋ ಬೇಸರದಿಂದ ಗಂಟಲು ಸರಿಮಾಡಿಕೊಂಡಂತೆ ಕೇಳುತ್ತದೆ. ಅದು ನನ್ನ ಮುತ್ಯಾ, ಅಪ್ಪನ ಅಪ್ಪ.

ಮುಂದೆ ಬಟ್ಟೆ ಅಂಗಡಿ, ಹಿಂದೆ ಮನೆ. ಹೊಸ ಕೋರಾ ಬಟ್ಟೆಯ ಗಂಜಿ ವಾಸನೆ ಅಡುಗೆಮನೆಯ ಹೆಸರುಬೇಳೆಯ ವಾಸನೆಯೊಂದಿಗೆ ಬೆರೆತು ನಮ್ಮ ಮೈಗೆಲ್ಲ ಅಂಟಿಕೊಂಡಿರುತ್ತಿತ್ತು. ಆಯಿ, ಅಂದರೆ ಅಜ್ಜಿ, ಹಿತ್ತಾಳೆ ಕೊಡದ ಬಾಯಿಗೆ ಎರಡು ಪದರು ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಓಣಿಯ ಹುಡುಗಿಯರ ಆಟ ರಂಗೇರುವ ಹೊತ್ತಿಗೆ ಸರಿಯಾಗಿ ನನ್ನನ್ನು ಕರೆಯುತ್ತಿದ್ದರು. ಇದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಮುತ್ಯಾನ ತಿದ್ದುವ ಚಟ. ಯಾರಾದರೂ ಒಂದು ಮಾತನ್ನು ತಪ್ಪಾಗಿ ಆಡಿದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಸೀರೆ ನೋಡಲು ಬಂದವರ ಕನ್ನಡವನ್ನೂ ತಿದ್ದಿ, ಅವರನ್ನು ಪಕ್ಕದ ಅಂಗಡಿಗೆ ಕಳಿಸುತ್ತಿದ್ದರು.

ನನ್ನನ್ನು ಶಾಲೆಗೆ ಹಾಕುವಾಗ ಅಡ್ಡಹೆಸರಿನ ಮಾತು ಬಂತು. ನಮ್ಮ ಹಿರಿಯರು ಡಾಬಕಾ ಎಂಬ ಊರಿನಿಂದ ಬಂದವರು. ಭಾಲ್ಕಿಯ ಮಗಳಾದ ಆಯಿ ವ್ಯವಹಾರ ಬಲ್ಲವಳು. "ಡಾಬಕೆ ಅಂತ ಬರಸ್ರಿ. ಅದನ್ನ ಯಾರೂ ತಪ್ಪ ಬರಿಯಂಗಿಲ್ಲ" ಎಂದಳು. ಮುತ್ಯಾ ಕೇಳಲಿಲ್ಲ. "ಪದ್ಮಾವತಿ ಜೈನ" ಎಂದು ಬಾಯಿಬಿಟ್ಟು ಹೇಳಿ ಬಂದರು. ಶಾಲೆಯ ಗುಮಾಸ್ತ "ಜೇನ" ಎಂದು ಬರೆದುಕೊಂಡ. ಕೆಮ್ಮಿಗೆ ಔಷಧವೆಂದೂ ಜೇನುತುಪ್ಪ ಒಳಗೆ ಬಾರದ ಮನೆಯ ಹುಡುಗಿ ನಾನು, ಹಾಜರಿ ಕೂಗುವಾಗ ಜೇನಾದೆ. ಇಡೀ ವರ್ಗ ಗುಂಯ್‌ಗುಟ್ಟುತ್ತಿತ್ತು.

ಅಳುತ್ತ ಬಂದು ಹೇಳಿದ್ದೇ ನನ್ನ ತಪ್ಪು. ಮರುದಿನ ಮುತ್ಯಾ ರುಮಾಲು ಸುತ್ತಿಕೊಂಡು ನೇರ ನಮ್ಮ ವರ್ಗಕ್ಕೇ ಬಂದರು. ಮಾಸ್ತರರ ಕೈಯಿಂದ ಸುಣ್ಣದ ಕಡ್ಡಿ ಇಸಿದುಕೊಂಡು ಹಲಗೆಯ ಮೇಲೆ ಎರಡು ಶಬ್ದ ಬರೆದರು. "ಜಿನ ಅಂದ್ರ ಗೆದ್ದವ. ಯಾರನ್ನ ಗೆದ್ದವ? ತನ್ನನ್ನ ತಾನ ಗೆದ್ದವ. ಅವನ ಹಾದಿ ಹಿಡದವ ಜೈನ. ಸಂಸ್ಕೃತದಾಗೂ ಹಿಂಗ ಬರೀತಾರ, ಮರಾಠಿಯಾಗೂ ಹಿಂಗ ಬರೀತಾರ. ಐತ್ವ ಅದ, ದೀರ್ಘ ಅಲ್ಲ." ನಾನು ಬೆಂಚಿನ ಕೆಳಗೆ ತಲೆ ಹಾಕಿ ಕುಳಿತಿದ್ದೆ. ಅವರು ಹೊರಗೆ ಹೋದದ್ದೇ ತಡ, ಗುಂಯ್ ಎನ್ನುವ ಸದ್ದು ಇಮ್ಮಡಿಯಾಯಿತು.

ಗುಮಾಸ್ತನೂ ಜಗ್ಗಲಿಲ್ಲ. "ಒಂದ ಐತ್ವದ ಸಲುವಾಗಿ ಯಾಕ ತಲಿ ಕೆಡಿಸ್ಕೋತೀರಿ ಸಾವಕಾರ್ರ? ತಿದ್ದಬೇಕಂದ್ರ ಬೀದರಿನಿಂದ ಕಾಗದ ತರಬೇಕ್ರಿ" ಎಂದ. ಮುತ್ಯಾ ಬಸ್ಸು ಹತ್ತಿದರು. ಮೊದಲ ಸಲ ಸಾಹೇಬರು ಇರಲಿಲ್ಲ. ಎರಡನೆಯ ಸಲ, ದಾರಿಯಲ್ಲಿ ನಮ್ಮದೇ ಧರ್ಮದ ಮಾರವಾಡಿ ಬಟ್ಟೆ ವ್ಯಾಪಾರಿ ಸಿಕ್ಕು, "ಹಮ್ ತೋ ಜ್ಯಾನ್ ಬೋಲ್ತೇ ಹೈಂ", ನಾವು ಜ್ಯಾನ್ ಎಂದೇ ಹೇಳುವುದು, ಎಂದುಬಿಟ್ಟ. ಅವನ ಉಚ್ಚಾರ ತಿದ್ದಿ ಮುಗಿಸುವಷ್ಟರಲ್ಲಿ ಕಚೇರಿಯ ಬಾಗಿಲು ಮುಚ್ಚಿತ್ತು. ಮೂರನೆಯ ಸಲ ಬಸ್ಸು ಕೆಟ್ಟು, ಹೊತ್ತು ಮುಳುಗಿದ ಮೇಲೆ ಮನೆ ಮುಟ್ಟಿದರು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಇನ್ನು ಒಂದು ಗುಟುಕು ನೀರೂ ಕುಡಿಯುವಂತಿರಲಿಲ್ಲ. ಕಾಗದವೂ ಸಿಕ್ಕಿರಲಿಲ್ಲ. ಆಯಿ ಮುಚ್ಚಿಟ್ಟ ರೊಟ್ಟಿಯ ಬುಟ್ಟಿಯನ್ನು ನೋಡುತ್ತ, "ಅಕ್ಷರ ಹೊಟ್ಟಿ ತುಂಬಸ್ತದೇನ್ರಿ?" ಎಂದಳು. ಮುತ್ಯಾ ರುಮಾಲು ಬಿಚ್ಚಿ ಮಡಚತೊಡಗಿದರು. ನಾನು ಉತ್ತರಿಸಿದೆ. "ಜೇನ ಅಂತನ ಇರ್ಲಿ ಮುತ್ಯಾ. ನಿನ್ನ ಜೈನ ನನಗ ಬ್ಯಾಡ. ಇನ್ನ ಸಾಲಿಗಿ ಬರಬ್ಯಾಡ ನೀ."

ಅವರು ಬರಲಿಲ್ಲ. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಹಟ ಹಿಡಿದ ಮುತ್ಯಾನಿಗಿಂತ ಸುಮ್ಮನಾದ ಮುತ್ಯಾನ ಮೇಲೆ ನನಗೆ ಹೆಚ್ಚು ಸಿಟ್ಟು ಬರುತ್ತಿತ್ತು. ಕ್ಷಮೆ ಕೇಳಲು ಅವರು ನನಗೊಂದು ಸಂದು ಕೊಡಲೇ ಇಲ್ಲ.

ನಾನು ಏಳನೆಯ ವರ್ಗದಲ್ಲಿದ್ದಾಗ ಬೀದರಿನಿಂದ ಹೊಸ ಹೆಡ್‌ಮಿಸ್ ಬಂದರು. ಹೆಸರು ತಿದ್ದಬಹುದೇ ಎಂದು ನಾನೇ ಹೋಗಿ ಕೇಳಿದೆ. ವರ್ಷಗಟ್ಟಲೆ ಆಗದ ಕೆಲಸ ಅವರಿಂದ ಒಂದು ಮಧ್ಯಾಹ್ನದಲ್ಲಿ ಆಯಿತು. "ಇಷ್ಟಕ್ಕ ಯಾವ ಕಾಗದನೂ ಬೇಕಾಗಿಲ್ಲ. ಒಂದ ಅರ್ಜಿ ಬರಿ, ಮುತ್ಯಾನ ಸಹಿ ಹಾಕಿಸ್ಕೊಂಡ ಬಾ" ಎಂದರು. ಅರ್ಜಿ ಬರೆದುಕೊಂಡು ಓಡಿ ಮನೆಗೆ ಬಂದೆ. ಆ ಬೇಸಿಗೆಯಲ್ಲಿ ಮುತ್ಯಾನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ನಾಲಿಗೆ ತೊಡರುತ್ತಿತ್ತು. ಎಡಗೈಯಿಂದ ಅರ್ಜಿ ಹಿಡಿದು, ನನ್ನ ಹೆಸರಿನ ಕೊನೆಯ ಎರಡು ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗಟ್ಟಿಯಾಗಿ ಓದಲು ಹೋದರು. "ಜೇ..." ಎಂದರು. ನಿಂತರು. ತಲೆ ಅಲ್ಲಾಡಿಸಿ ಮತ್ತೆ ಓದಲು ಹೊರಟರು. "ಜೇ... ನ." ಆಯಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮುತ್ಯಾ ನನ್ನ ಮುಖವನ್ನೇ ನೋಡುತ್ತಿದ್ದರು, ಪಾಠ ಒಪ್ಪಿಸಿದ ಮಗುವಿನ ಹಾಗೆ. "ಸರಿ ಅದ ಮುತ್ಯಾ" ಎಂದೆ. ಅವರು ಎಡಗೈಯಿಂದ ಸೊಟ್ಟಗೆ ಸಹಿ ಹಾಕಿದರು.

ದೀಪಾವಳಿಗೆ ಮುಂಚೆ ಅವರು ಹೋದರು. ಆಯಿ ಭಾಲ್ಕಿಯ ತಮ್ಮನ ಮನೆಯಲ್ಲಿ ಕೆಲವು ವರ್ಷ ಇದ್ದು ತಾನೂ ಹೊರಟುಹೋದಳು. ಔರಾದಿನ ಆ ಜಾಗದಲ್ಲೀಗ ಮೊಬೈಲ್ ಅಂಗಡಿಯಿದೆ. ನನ್ನ ಮಾತಿನಲ್ಲಿ ಹಿಂದಿ ಬೆರೆತಿದೆ, ಬೆಂಗಳೂರಿನ ಟೀವಿಯ ಕನ್ನಡ ಬೆರೆತಿದೆ. ದಿನಕ್ಕೆ ಹತ್ತು ಶಬ್ದ ತಪ್ಪು ಆಡುತ್ತೇನೆ, ಆಡಿದ್ದು ನನಗೇ ತಿಳಿಯುತ್ತದೆ. ಮನೆಯಲ್ಲಿ ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಯಾರೂ ತಿದ್ದುವುದಿಲ್ಲ.