ಸ್ವಿಚ್ ಆರಿಸಿದ ಕೈಗವಸು

ಇದನ್ನು ಬರೆಯುವುದನ್ನು ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಕಣ್ಣಿನ ಪೊರೆಯ ನೆವ ಹೇಳಿಕೊಳ್ಳುತ್ತಿದ್ದೆ. ಪೊರೆ ತೆಗೆಸಿಯೂ ಆರು ತಿಂಗಳಾಯಿತು.

ನಾನು ಇಳಕಲ್ಲಿನ ನೇಕಾರ. ಹುನಗುಂದದ ರಸ್ತೆಯಲ್ಲಿ ಆಟೊ ಉರುಳಿ ನನ್ನ ಮೊಮ್ಮಗಳ ಬೆನ್ನುಹುರಿಗೆ ಕುತ್ತಿಗೆಯ ಹತ್ತಿರ ಪೆಟ್ಟಾಯಿತು. ಆಗವಳಿಗೆ ಒಂಬತ್ತು ವರ್ಷ. ಮತ್ತೆ ನಡೆದಾಡಿದಳು. ಬೆರಳುಗಳೂ ಆಡುತ್ತಿದ್ದವು, ಆದರೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ನೋಡದೆ ಹಿಡಿದ ಲೋಟ ಜಾರಿ ಬೀಳುತ್ತಿತ್ತು.

ಬಾಗಲಕೋಟೆಯ ದವಾಖಾನೆಯಲ್ಲಿ ಅವಳಿಗೆ ಬೆರಳತುದಿ ಹೊರಗೆ ಕಾಣುವ ಕೈಗವಸು ಕೊಟ್ಟರು. ಒಳಗಿನ ಪುಟ್ಟ ಮೋಟಾರುಗಳು ದಿನಕ್ಕೆರಡು ತಾಸು ಬೆರಳುಗಳನ್ನು ನಡುಗಿಸುತ್ತಿದ್ದವು. ಅದರ ವಿವರವನ್ನೆಲ್ಲ ಕೇಳಿಕೊಂಡವಳು ನನ್ನ ಮಗಳು. ನಾನು ಅದನ್ನು ಟಾರ್ಚಿನಂತೆ ತಿಳಿದಿದ್ದೆ: ಹಚ್ಚಿದರೆ ಅರಿವು, ಆರಿಸಿದರೆ ಇಲ್ಲ.

ಮೂರನೆಯ ತಿಂಗಳು ಅವಳು ಮಗ್ಗದ ಕೋಣೆಗೆ ಬಂದಳು. "ಅಜ್ಜಾ, ಕೈಗೆ ಗೊತ್ತಾಗಾಕತ್ತೇತಿ."

ಸೀರೆಯ ಮೈಯ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕುವುದು ನಮ್ಮ ಕಸುಬು. ಅದನ್ನು ಕಲಿಸುವ ಮೊದಲು ಕಣ್ಣು ಕಟ್ಟಿ, ಎಳೆ ಮುಟ್ಟಿಸಿ ಹತ್ತಿಯೋ ರೇಷ್ಮೆಯೋ ಎಂದು ಕೇಳುತ್ತೇವೆ. ಅವಳ ಕಣ್ಣೂ ಕಟ್ಟಿದೆ. ಪಕ್ಕದ ಮಗ್ಗದವನಿಗೆ ಕಣ್ಣು ಮಿಟುಕಿಸಿ, ಅವಳ ಕೈಗವಸಿನ ಮಣಿಕಟ್ಟಿನಲ್ಲಿದ್ದ ಸ್ವಿಚ್ ಸದ್ದಿಲ್ಲದೆ ಆರಿಸಿದೆ.

"ಇದು?"

"ರೇಶ್ಮಿ."

"ಇದು?"

ಅವಳು ಎಳೆಯನ್ನು ಬಹಳ ಹೊತ್ತು ಹೊಸೆದಳು. "ಹತ್ತಿ."

ಆರು ಸಲ ಕೇಳಿದೆ. ಆರೂ ಸರಿ.

"ಮಷೀನ್ ಬಂದ್ ಮಾಡೇನಿ. ಹೆಂಗ ಗೊತ್ತಾತು? ಅರಿವಿ ಸಂದ್ಯಾಗ ಹಣಿಕಿ ನೋಡಿದಿ."

"ಇಲ್ಲ ಅಜ್ಜಾ, ಖರೇನ."

"ನಾಟಕದಾಗ ಸೇರಸ್ರಿ ಇಕೀನ್ನ," ಎಂದ ಪಕ್ಕದವನು. ಇಬ್ಬರೂ ನಕ್ಕೆವು.

"ನೋಡೇನಿ ಅನ್ನೂತನಕ ಕಣ್ಣ ಬಿಚ್ಚಂಗಿಲ್ಲ," ಎಂದೆ.

ನಾನು ಒಂದು ಸೆರಗಿನಷ್ಟು ಕೊಂಡಿ ಹಾಕಿ ಮುಗಿಸುವವರೆಗೂ, ತಾಸುಗಟ್ಟಲೆ, ಅವಳನ್ನು ಹಾಗೇ ನಿಲ್ಲಿಸಿದೆ. ಕಟ್ಟಿದ್ದ ಅರಿವೆ ಒದ್ದೆಯಾಗಿತ್ತು. ಕೊನೆಗೆ "ನೋಡೇನಿ" ಎಂದಳು. ನನಗೆ ಸಮಾಧಾನವಾಯಿತು.

ಅಂದಿನಿಂದ ಅವಳು ಕೈಗವಸು ಹಾಕಿಕೊಳ್ಳಲಿಲ್ಲ. ಹಿಂದಿರುಗಿಸಲು ನಾನೇ ಬಾಗಲಕೋಟೆಗೆ ಹೋದೆ. ನಡೆದದ್ದನ್ನು ತಮಾಷೆಯಾಗಿ ಹೇಳಿದೆ. ಅಲ್ಲಿ ಕೈಗಳಿಗೆ ವ್ಯಾಯಾಮ ಮಾಡಿಸುವ ಹೆಣ್ಣುಮಗಳು ನಗಲಿಲ್ಲ.

"ಬಂದ್ ಇದ್ದಾಗೂ ಹೇಳಿದ್ಲೇನ್ರಿ ಅಜ್ಜಾರ? ನಾವು ಕಾಯಾಕತ್ತಿದ್ದು ಅದಕ್ಕರಿ. ಅಂದ್ರ ಮಷೀನ್ ಇಲ್ದನ ನರ ಎಚ್ಚರಾಗಾಕತ್ತಾವ. ನಿಲ್ಲಸಬ್ಯಾಡ್ರಿ. ನಾಳೆನ ಕರ್ಕೊಂಡ ಬರ್ರಿ."

ಕೈಗವಸನ್ನು ಮತ್ತೆ ನನ್ನ ಚೀಲಕ್ಕೇ ಹಾಕಿದಳು. ಮನೆಗೆ ಬಂದು ಮಗಳಿಗೆ, "ಬ್ಯಾರೆ ಕೂಸಿಗೆ ಕೊಟ್ರಂತ," ಎಂದೆ. ಪಕ್ಕದ ಮಗ್ಗದವನೆದುರು ತಪ್ಪಾಯಿತೆನ್ನಲು ಆಗಲಿಲ್ಲ, ಅಷ್ಟೇ ಕಾರಣ. ಕೈಗವಸು ಇಂದಿಗೂ ನನ್ನ ಟ್ರಂಕಿನಲ್ಲಿದೆ. ಅವಳ ಬೆರಳಿಗೆ ಮರಳುತ್ತಿದ್ದ ಅರಿವು ಮತ್ತೆ ಹೋಯಿತು.

ಹೋದ ವಾರ ಅವಳು ಒಲೆಯ ಮೇಲಿನ ಬೋಗುಣಿಯನ್ನು ಬರಿಗೈಯಲ್ಲಿ ಇಳಿಸಿದಳು. ಚರ್ಮ ಸುಟ್ಟ ವಾಸನೆ ಬಂದಾಗಲೇ ಅವಳಿಗೆ ತಿಳಿದದ್ದು. ಮುಲಾಮು ಹಚ್ಚುತ್ತಿದ್ದ ನನಗೆ ಹೇಳಿದಳು: "ಅಜ್ಜಾ, ಅವತ್ತ ನಾ ಖರೇನ ಹಣಿಕಿ ನೋಡಿದ್ನೋ ಏನೋ, ಈಗ ನೆನಪ ಆಗವಲ್ದು."

ನನಗೆ ನೆನಪಿದೆ. ಅವಳು ನೋಡಿರಲಿಲ್ಲ ಎಂದು ಅಂದೂ ಹೇಳಲಿಲ್ಲ. ಮುಲಾಮು ಹಚ್ಚಿ ಮುಗಿಸಿದೆ. ನಾನು ಎಲ್ಲರಿಗಿಂತ ಮೊದಲು ಕ್ಷಮೆ ಕೇಳಬೇಕಾದದ್ದು ಒಬ್ಬಳಲ್ಲಿ: ಹನ್ನೆರಡು ವರ್ಷದ ನನ್ನ ಮೊಮ್ಮಗಳಲ್ಲಿ.