ಅಡ್ಡ ಬಂದ ತೆಂಗು

ಶಿರಾಲಿಯ ಗಣಪನಿಗೆ ಕತ್ತಿ ಹಿಡಿದೇ ವಯಸ್ಸಾಯಿತು. ಮಳೆಗಾಲಕ್ಕೆ ಮುಂಚೆ ಕರೆಂಟ್ ತಂತಿಗೆ ತಾಗುವ ಟೊಂಗೆ ಸವರುವ ಗುತ್ತಿಗೆ ಕೆಲಸ ಅವನದು. ಮನೆಯವರು ಜಗಳಕ್ಕೆ ನಿಂತರೆ ಮೇಲಕ್ಕೆ ಕೈ ತೋರಿಸುತ್ತಿದ್ದ: "ತಂತಿ ಕಾಣ್ತದಲ್ಲ?" ಅವರು ಬೈಯುತ್ತಲೇ ಒಳಗೆ ಹೋಗುತ್ತಿದ್ದರು.

ಈ ಸಲ ತಂತಿಯೇ ಇರಲಿಲ್ಲ. ಗುಡ್ಡದ ಟವರಿಗೂ ಹೆದ್ದಾರಿ ಬದಿಯ ಸಬ್‌ಸ್ಟೇಷನ್ನಿಗೂ ವೈರ್‌ಲೆಸ್ ಹಾಕಿದ್ದರು. ಎಲ್ಲಿ ಲೈನು ತುಂಡಾಯಿತು, ಯಾರ ಮೀಟರ್ ಎಷ್ಟು ಓಡಿತು, ಸುದ್ದಿಯೆಲ್ಲ ಗಾಳಿಯಲ್ಲೇ ಹೊನ್ನಾವರದ ಕಚೇರಿಗೆ ಹೋಗಬೇಕು. ಅದಕ್ಕೆ ಎರಡು ಕಡೆಯ ಆಂಟೆನಾಗಳು ಒಂದನ್ನೊಂದು ನೇರ ನೋಡಬೇಕಂತೆ. ನಡುವೆ ಒಂದು ತೆಂಗು ತಲೆ ಎತ್ತಿತ್ತು.

ಅದು ಗಣಪನ ಅಕ್ಕ ಬಂಗಾರಿಯದು. ಹಾಲು ಕುಡಿಯುವಾಗಲೇ ಸತ್ತ ಮಗನನ್ನು ಹಿತ್ತಲಲ್ಲಿ ಹುಗಿದು, ಮೇಲೆ ನೆಟ್ಟಿದ್ದ ಸಸಿ. ಹೊಂಡ ತೋಡಿದವನು ಗಣಪನೇ.

"ಎಲ್ಲಿ ತಂತಿ? ತೋರಿಸು," ಎಂದಳು ಬಂಗಾರಿ.

"ತಂತಿ ಇಲ್ಲ ಅಕ್ಕ. ಗಾಳಿಲಿ ಹೋಗ್ತದಂತೆ."

"ಗಾಳಿ ಮರ ಬಳಸಿ ಹೋಗ್ತದಲ್ಲ ಮಾರಾಯ! ನಿಮ್ಮದಕ್ಕೆ ಎಂತ ರೋಗ?"

ಆಳುಗಳು ನಕ್ಕರು. ಗುತ್ತಿಗೆ ಕಂಪನಿಯ ಮೇಲ್ವಿಚಾರಕ ಮೋಹನ ನಗಲಿಲ್ಲ. "ಬುಡ ಇರಲಿ, ತಲೆ ಅಷ್ಟೇ ತೆಗಿ," ಎಂದ.

"ತೆಂಗಿನ ತಲೆ ತೆಗೆದರೆ ಉಳಿಯೂದೆಂತ ಸಾಹೇಬ್ರೆ?" ಎಂದ ಗಣಪ.

ಮೋಹನ ಅವನನ್ನು ಬದಿಗೆ ಕರೆದ. "ನಿನ್ನ ಅಕ್ಕನ ಮನೆ ಅತಿಕ್ರಮಣದ ಜಾಗದಲ್ಲಿದೆ. ಅರಣ್ಯದವರನ್ನು ಕರೆಸಲಾ?"

ಪಟ್ಟಾಕ್ಕಾಗಿ ಧರಣಿ ಕೂತು ಕೂತು ಬಂಗಾರಿಯ ತಲೆ ಬೆಳ್ಳಗಾಗಿತ್ತು, ಪಟ್ಟಾ ಬಂದಿರಲಿಲ್ಲ. ಅರಣ್ಯದವರು ಬಂದರೆ ಮನೆಯೂ ಹೋಗುತ್ತದೆ. ಗಣಪ ಸೊಂಟಕ್ಕೆ ಕತ್ತಿ ಸಿಕ್ಕಿಸಿ ಮರ ಹತ್ತಿದ. ಕಾಯಿ ಗೊನೆಗಳನ್ನು ಹಗ್ಗದಲ್ಲಿ ನಿಧಾನ ಇಳಿಸಿದ. ಅಕ್ಕ ಮುಟ್ಟಲಿಲ್ಲ. ಆಮೇಲೆ ಸುಳಿ ಕಡಿದ. ಬಂಗಾರಿ ಒಳಗೆ ಹೋಗಿ ಹಿತ್ತಲ ಬಾಗಿಲು ಹಾಕಿಕೊಂಡಳು. ಅರಣ್ಯದವರ ಮಾತನ್ನು ಗಣಪ ಅವಳಿಗೆ ಹೇಳಲಿಲ್ಲ. ಹೆದರಿಸಿ ಏನು ಪ್ರಯೋಜನ ಎಂದುಕೊಂಡ.

ಮಳೆ ಮುಗಿಯುವಷ್ಟರಲ್ಲಿ ಹೆದ್ದಾರಿಯ ಲಾಡ್ಜಿನವನು ಅದೇ ನೇರದಲ್ಲಿ ಇನ್ನೊಂದು ಮಹಡಿ ಎಬ್ಬಿಸಿದ. ಆಂಟೆನಾಕ್ಕೆ ಮತ್ತೆ ಕಣ್ಣು ಕಾಣದಾಯಿತು. ಮಹಡಿ ಇಳಿಸು ಎಂದು ಯಾರೂ ಅನ್ನಲಿಲ್ಲ. ಸಬ್‌ಸ್ಟೇಷನ್ನಿನ ಆಂಟೆನಾ ಕಂಬಕ್ಕೆ ಇನ್ನೊಂದು ತುಂಡು ಜೋಡಿಸಿ ಎತ್ತರ ಮಾಡಿದರು. ಅರ್ಧ ದಿನದ ಕೆಲಸ. ಕೆಳಗೆ ಹಗ್ಗ ಹಿಡಿದವರಲ್ಲಿ ಗಣಪನೂ ಒಬ್ಬ.

ಪೇಟೆಯಿಂದ ಬರುತ್ತಿದ್ದ ಬಂಗಾರಿ ಬೇಲಿಯಾಚೆ ನಿಂತು ನೋಡಿದಳು.

"ಆ ಕಂಬ ಇನ್ನೂ ಮೇಲೆ ಹೋಗ್ತದಾ ತಮ್ಮಾ?"

ಗಣಪನ ಕೈಯಲ್ಲಿ ಹಗ್ಗ. ಬಿಡುವ ಹಾಗಿರಲಿಲ್ಲ.

"ಹೋಗ್ತದೆ ಅಕ್ಕ."

ಅವಳು ಚೀಲ ಕೈ ಬದಲಿಸಿಕೊಂಡು ನಡೆದಳು. ಆಮೇಲೆ ತಮ್ಮನ ಹೊಸ್ತಿಲು ತುಳಿಯಲಿಲ್ಲ. ಗಣಪನೂ ಕರೆಯಲಿಲ್ಲ, ಯಾವ ಮುಖ ಹೊತ್ತು ಕರೆಯುವುದು?