ಅಮ್ಮನ ಎಡಗೈ

ಬೀಡಿ ಕಟ್ಟುತ್ತಿದ್ದ ನನ್ನ ಅಮ್ಮನ ಎಡಗೈ ಪಾರ್ಶ್ವವಾಯುವಿಗೆ ಸಿಕ್ಕಿ ಒಂದು ಮಳೆಗಾಲ ಕಳೆದಿತ್ತು. ಅಷ್ಟು ದಿನ ಇಗರ್ಜಿಯ ಒಂದು ನರಪಿಳ್ಳೆಯೂ ನಮ್ಮ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ರಾಜ್ಯದ ಗಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಹೋಗಲು ಜೀಪು ತಂದದ್ದು ಆಚೆಮನೆಯ ಮುಸ್ಲಿಂ ಬ್ಯಾರಿ.

ಆಮೇಲೊಂದು ಭಾನುವಾರ, ಚರ್ಚಿನ ಪೂಜೆ ಮುಗಿಸಿಕೊಂಡು, ಇಗರ್ಜಿಯಲ್ಲಿ ನಮ್ಮ ವಾರ್ಡಿನ ಮುಖ್ಯಸ್ಥನಾದ ಗುರಿಕಾರ ಗರಿಗರಿ ಇಸ್ತ್ರಿಯ ಅಂಗಿಯಲ್ಲಿ ಬಂದ. ಅಮ್ಮ ಹೇಗಿದ್ದಾಳೆಂದು ಕೇಳಲಿಲ್ಲ. ಪಾಪ, ಪೂಜೆಯಲ್ಲಿ ನಮ್ಮ ಬೆಂಚು ಖಾಲಿ ಕಂಡದ್ದೇ ಅವನಿಗೆ ದೊಡ್ಡ ಸಂಕಟ.

“ಎಂತ ಮಾರಾಯ್ತಿ, ನೀವು ಪೂಜೆಗೆ ಕಾಣುವುದೇ ಇಲ್ಲ? ನಾವೆಲ್ಲ ಒಂದೇ ಶರೀರದ ಅಂಗಗಳು ಅಂತ ಫಾದರ್ ಇವತ್ತೂ ಹೇಳಿದ್ರು. ಒಂದಕ್ಕೆ ನೋವಾದ್ರೆ ಎಲ್ಲದಕ್ಕೂ ನೋವು.”

ನನಗೆ ಮೈಯೆಲ್ಲ ಉರಿಯಿತು. ಆದರೂ ಚಾ ತಂದಿಟ್ಟೆ. ಕೈ ಬೀಸಿ ಬೀಸಿ ಉಪದೇಶ ಮಾಡುವ ಭರದಲ್ಲಿ ಅವನು ಲೋಟ ಮಗುಚಿದ. ಮೇಜಿನ ಮೇಲಿದ್ದ ಅಮ್ಮನ ಎಡಗೈ ಮೇಲೆ ಬಿಸಿ ಚಾ ಹರಿಯಿತು. ಅಮ್ಮ ಅವನ ಮುಖವನ್ನೇ ನೋಡುತ್ತ, ಭಕ್ತಿಯಿಂದ ತಲೆಯಾಡಿಸುತ್ತ ಕೂತೇ ಇದ್ದಳು.

“ಅಯ್ಯೋ! ಅವರಿಗೆ ಗೊತ್ತೇ ಆಗ್ಲಿಲ್ವಾ?” ಎಂದು ಅವನು ಎದ್ದು ನಿಂತ.

ನಾನು ಆ ಕೈಯನ್ನು ಎತ್ತಿ, ಒರೆಸಿ, ಅವಳ ಮಡಿಲಲ್ಲಿಟ್ಟೆ.

“ಇಲ್ಲ ಗುರಿಕಾರ್ರೇ. ಇದೂ ಒಂದೇ ಶರೀರದ ಅಂಗವೇ.”